ಕಿಲಾರಿ ಕಂಡ ಕೌಬಾಯ್

ಚಳ್ಳಕೆರೆಯ ನಮ್ಮ ಮನೆಯ ಸಿಡಿ ಪ್ಲೇಯರಿಗೆ ನೆತ್ತಿಯ ಮೇಲೊಮ್ಮೆ ಮೊಟಕದ ಹೊರತು ಚಿತ್ರ ಓಡುತ್ತಿರಲಿಲ್ಲ. ಹಾಗೆ ಮೊಟಕಿ ಮೊಟಕಿಯೇ ಹಳೆಯದೊಂದು ಹಾಲಿವುಡ್ ಕೌಬಾಯ್ ಚಿತ್ರವನ್ನು ಅದೆಷ್ಟು ಸಲ ನೋಡಿದೆನೋ. ಮರವಿಲ್ಲದ ಬಯಲು, ಮುಗಿಲು ಮುಟ್ಟುವ ಧೂಳು, ಸಾವಿರ ದನಗಳನ್ನು ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗುವ ಮಿತಭಾಷಿ ನಾಯಕ. ದಿನವಿಡೀ ಕುರ್ಚಿಗಂಟಿ ಗುಮಾಸ್ತಿಕೆ ಮಾಡುವ ನನ್ನಂಥ ಚಡಪಡಿಕೆಯ ಪ್ರಾಣಿಗೆ, ನೀವೇ ಹೇಳಿ, ಇನ್ನೇನು ಬೇಕು?

ಅದನ್ನು ಸೋದರಮಾವನಿಗೆ ತೋರಿಸುವ ಹುಚ್ಚು ಹತ್ತಿತು. ಮೊಳಕಾಲ್ಮೂರು ಕಡೆಯ ಹಟ್ಟಿಯಲ್ಲಿ ಆತ ಕಿಲಾರಿ, ದೇವರಿಗೆ ಬಿಟ್ಟ ದನಗಳನ್ನು ಬರಿಗಾಲಲ್ಲಿ ಕಾಯುವವನು. ಅವನ್ನು ಮಾರುವಂತಿಲ್ಲ, ಸತ್ತರೆ ಮನೆಯವರಂತೆ ಮಣ್ಣು ಮಾಡುತ್ತಾರೆ.

ಒಂದು ಭಾನುವಾರ ಮನೆಗೆ ಕರೆಸಿ ಚಿತ್ರ ಹಾಕಿದೆ. ಮಾವ ನಾಯಕನನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಆ ಕೆಂದೆತ್ತು ಕುಂಟ್ತೈತೆ, ಯಾರೂ ನೋಡ್ತಿಲ್ಲ" ಎಂದು ಗೊಣಗಿದ. ಆಮೇಲೆ ಕೇಳಿದ: "ಎಲ್ಲಿಗೆ ಹೊಡ್ಕಂಡು ಹೋಗ್ತಾನಪ್ಪ?"

ರೈಲಿಗೆ ತುಂಬಿ ಕಸಾಯಿಖಾನೆಗೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಮೇವು ನೀರು ಇರೋ ಕಡೆಗೆ, ಮಾವ" ಎಂದುಬಿಟ್ಟೆ.

ದನಗಳು ಹೊಳೆಗಿಳಿದಾಗ ಮಾವ ಕೈಮುಗಿದ. ಕೊನೆಯ ಕರು ದಡ ಹತ್ತುವವರೆಗೂ ಕೈ ಇಳಿಸಲಿಲ್ಲ. ನನಗೋ ಕೂತಲ್ಲಿ ಮುಳ್ಳು. ರೈಲು ಕಾಣುವ ಮುಂಚೆಯೇ ಎದ್ದು, ಸಿಡಿ ಕೈಕೊಟ್ಟಿತೆಂದು ನಿಲ್ಲಿಸಿದೆ.

"ದನಾನೆಲ್ಲ ಮುಟ್ಟಿಸಿದ್ನಾ?" ಎಂದ ಮಾವ.

"ಮುಟ್ಟಿಸ್ದ."

ಮುಂದಿನ ಭಾನುವಾರ ಇನ್ನಿಬ್ಬರು ಕಿಲಾರಿಗಳೊಂದಿಗೆ ಮಾವ ಬಾಗಿಲಲ್ಲಿ ನಿಂತಿದ್ದ. "ಇವ್ರಿಗೂ ತೋರ್ಸಪ್ಪ. ನಮ್ಮಂಗೇ ದನ ಕಾಯೋರು ಅಲ್ಲೂ ಅವ್ರೆ ಅಂದ್ರೆ ನಂಬ್ತಿಲ್ಲ."

ಇಬ್ಬರನ್ನೂ ಕೂರಿಸಿ, ಮಾವನನ್ನು ಹಿತ್ತಲಿಗೆ ಕರೆದೊಯ್ದು ನಿಜ ಹೇಳಿದೆ.

"ಆ ಕುದ್ರೆಯೋನಿಗೆ ಗೊತ್ತಿತ್ತಾ? ಗೊತ್ತಿದ್ದೇ ಹೊಳೆ ದಾಟಿಸಿದ್ನಾ?"

"ಗೊತ್ತಿತ್ತು, ಮಾವ."

ಅಷ್ಟು ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ ನೋಡಿ. ನಾಯಕನ ಧೈರ್ಯ ಕಂಡಿದ್ದೆ, ಒಂಟಿತನಕ್ಕೆ ಮರುಗಿದ್ದೆ. ದನಗಳನ್ನು ಮಾತ್ರ ಆ ಬಯಲಿನ ಧೂಳಿನಷ್ಟೇ ಎಂದುಕೊಂಡಿದ್ದೆ. ದೂರ ಹೋಗುವುದೇ ದೊಡ್ಡದೆಂದು ನಂಬಿದವನು, ಎಲ್ಲಿಗೆ ಎಂದು ಯಾಕೆ ಕೇಳಿಯಾನು?

"ನಿಂಗೂ ಗೊತ್ತಿತ್ತು" ಎಂದ ಮಾವ. "ನಾನು ಕೈಮುಗಿಯೋದ್ನ ನೀನು ನೋಡ್ತಾ ಕುಂತಿದ್ದೆ."

ನಾಚಿಕೆಯಿಂದ ಹಿಡಿಯಾದೆ. ಮಾವ ಒಳಗೆ ಹೋಗಿ, ಇದ್ದದ್ದನ್ನು ಇದ್ದಂತೆ ಆ ಇಬ್ಬರಿಗೂ ಹೇಳಿ, ಊಟಕ್ಕೂ ನಿಲ್ಲದೆ ಅವರೊಂದಿಗೆ ಹೊರಟ.

ಆ ಚಿತ್ರ ಈಗಲೂ ನನಗಿಷ್ಟ, ಸುಳ್ಳೇಕೆ. ದನಗಳು ಹೊಳೆಗಿಳಿಯುವ ಹೊತ್ತಿಗೆ ಮಾತ್ರ ಎದ್ದು ಹೊರಗೆ ಬಂದುಬಿಡುತ್ತೇನೆ.