ಚಡ್ಡಿ ಬಿಂದೊ ಮತ್ತು ಆರು ಮೊಟ್ಟೆ

ಬಿಂದೊನನ್ನು ಊರವರು ಚಡ್ಡಿ ಬಿಂದೊ ಎಂದೇ ಕರೆಯುತ್ತಿದ್ದರು. ಅವನೇನು ದರ್ಜಿಯಲ್ಲ, ಚಿತ್ರಗಾರ. ಇಗರ್ಜಿಯ ಗೋಡೆಗಳ ಮೇಲೆ ಬೆತ್ತಲೆ ಮೈ ಕಾಣಕೂಡದೆಂದು ರೋಮಿನ ದೊಡ್ಡವರು ಅಪ್ಪಣೆ ಹೊರಡಿಸಿದ ಮೇಲೆ ತೊಸ್ಕಾನ ಸೀಮೆಯ ಬೆಟ್ಟದೂರುಗಳಲ್ಲಿ ಅವನಿಗೆ ಕೈತುಂಬ ಕೆಲಸ. ನೂರು ವರ್ಷದಿಂದ ಆರಾಮವಾಗಿದ್ದ ದೇವದೂತರಿಗೆ ಬಟ್ಟೆ ಸುತ್ತಿದ, ನರಕದಲ್ಲಿ ಬೇಯುತ್ತಿದ್ದವರಿಗೂ ಚಡ್ಡಿ ತೊಡಿಸಿದ. ಬೆಂಕಿಯಲ್ಲಿ ನಿಂತವನಿಗೆ ಚಡ್ಡಿ ಯಾಕೆಂದು ಕೇಳುವ ಧೈರ್ಯ ಯಾರಿಗಿತ್ತು?

ಒಣಗೋಡೆಗೆ ಬಣ್ಣ ಹಿಡಿಯಬೇಕಾದರೆ ಮೊಟ್ಟೆ ಬೆರೆಸಬೇಕು. ಪ್ರತಿ ಕೆಲಸಕ್ಕೂ ಹೆಂಡತಿ ತೆಸ್ಸಾ ತನ್ನ ಕೋಳಿಗಳ ಆರು ಮೊಟ್ಟೆ ಕೊಟ್ಟು ಕಳಿಸುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಬಿಂದೊನ ಒಂದು ಚಡ್ಡಿಯೂ ಉದುರಿರಲಿಲ್ಲ.

ಕೊನೆಗೆ ಸರದಿ ಅವನ ಊರಿನ ಇಗರ್ಜಿಗೇ ಬಂತು. ಅಲ್ಲಿದ್ದ ಬೆತ್ತಲೆ ಒಬ್ಬಳೇ, ಹಣ್ಣು ಹಿಡಿದ ಈವ್. ಬಿಂದೊನ ಗುರು ಅವಳನ್ನು ಬರೆದಾಗ ಎದುರಿಗೆ ನಿಂತವಳು ಇದೇ ತೆಸ್ಸಾ, ಆಗ ಇಪ್ಪತ್ತರ ಹುಡುಗಿ. ಮೂಲೆಯಲ್ಲಿ ಬಣ್ಣ ಅರೆಯುತ್ತಿದ್ದ ಬಿಂದೊ ಅವತ್ತೇ ಮರುಳಾಗಿದ್ದ. ಈಗ ಅವಳ ಬೆನ್ನು ಬಾಗಿದೆ, ಮುಂದಿನ ಹಲ್ಲಿಲ್ಲ. ಆದರೂ ಭಾನುವಾರ ಈವಳ ಎದುರಿನ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ.

"ಹಬ್ಬಕ್ಕೆ ಬಿಷಪ್ಪರು ಬರ್ತಾರಂತೆ ಕಣೇ. ಅಷ್ಟರೊಳಗೆ ಈವಳ ಮೈ ಮುಚ್ಚೋ ಹಾಗೆ ಎಲೆ ಬರೀಲಿಲ್ಲ ಅಂದ್ರೆ ನನಗಿನ್ನು ಯಾವ ಇಗರ್ಜೀಲೂ ಕೆಲಸ ಇಲ್ಲ," ಎಂದ ಬಿಂದೊ.

"ಊರೋರ ಅಂಡೆಲ್ಲಾ ಮುಚ್ಚಿದ್ದಾಯ್ತು, ಈಗ ನನ್ನದಾ?" ತೆಸ್ಸಾ ಮೊಟ್ಟೆಯ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. "ನಾನೂ ಒಂದು ಕಾಲಕ್ಕೆ ಚೆನ್ನಾಗಿದ್ದೆ ಅನ್ನೋದಕ್ಕೆ ಆ ಗೋಡೆ ಒಂದೇ ಸಾಕ್ಷಿ. ನನ್ನ ಮುಚ್ಚೋಕೆ ನನ್ನ ಕೋಳಿ ಮೊಟ್ಟೆ ಕೊಡಲ್ಲ. ಹೋಗು."

ಪಕ್ಕದ ಮನೆಯಲ್ಲಿ ಕೇಳಿದ್ದರೆ ಮೊಟ್ಟೆ ಸಿಗುತ್ತಿತ್ತು. ಬಿಂದೊ ಕೇಳಲಿಲ್ಲ. ಬಣ್ಣಕ್ಕೆ ಬರೀ ನೀರು ಬೆರೆಸಿ, ಅಂಜೂರದ ಮೂರು ಎಲೆಗಳನ್ನು ದಪ್ಪಗೆ, ಬಲು ಅಂದವಾಗಿ ಬರೆದು ಏಣಿ ಇಳಿದ.

ಹಬ್ಬದ ದಿನ ಬಿಷಪ್ಪರು ಎಲೆ ನೋಡಿ ತಲೆದೂಗಿ, ಆ ಗೋಡೆಯ ಕೆಳಗೇ ಉಪದೇಶಕ್ಕೆ ನಿಂತರು. ಇನ್ನೂರು ಮಂದಿಯ ಉಸಿರು, ಮೇಣದಬತ್ತಿಯ ಕಾವು. ಮಾತು ನಾಚಿಕೆ ಮಾನದ ವಿಷಯಕ್ಕೆ ಬರುವ ಹೊತ್ತಿಗೆ ಮೊದಲ ಎಲೆ ಚಕ್ಕೆಯೆದ್ದು ಅವರ ಟೋಪಿಯ ಮೇಲೆ ಬಿತ್ತು. ಎರಡನೆಯದು ಹೆಗಲಿಗೆ. ಮೂರನೆಯದು ಎಲ್ಲಿ ಬಿತ್ತೋ ಯಾರೂ ನೋಡಲಿಲ್ಲ. ಎಲ್ಲರೂ ಗೋಡೆ ನೋಡಿದರು, ಆಮೇಲೆ ತೆಸ್ಸಾಳನ್ನು. ಅವಳು ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು.

"ಯಾರದು ಈ ಕೆಲಸ?" ಎಂದರು ಬಿಷಪ್ಪರು.

"ನಂದೇ ಸ್ವಾಮಿ. ಮೊಟ್ಟೆ ಹಾಕೋದು ಮರೆತೆ," ಎಂದ ಬಿಂದೊ.

"ಇನ್ನು ಯಾವ ಇಗರ್ಜೀಲೂ ನಿನ್ನ ಕುಂಚ ಕಾಣಬಾರದು. ಈ ಚಿತ್ರಕ್ಕೊಂದು ಪರದೆ ಹೊಲಿಸಿ."

ಇಗರ್ಜಿಯ ಬಟ್ಟೆಗಳನ್ನೆಲ್ಲ ಹೊಲಿಯುವವಳು ತೆಸ್ಸಾಳೇ. ಮನೆಗೆ ಬಂದವಳೇ ಬಾಣಲೆ ಇಟ್ಟು ಆರು ಮೊಟ್ಟೆ ಒಡೆದು ಗಂಡನ ಮುಂದಿಟ್ಟಳು.

"ಆರೂ ನನಗೇನಾ?"

"ತಿನ್ನು ಮಾರಾಯ. ಇನ್ನು ಯಾರಿಗೆ ಅಂತ ಉಳಿಸಲಿ?"

"ಪರದೆ?"

"ಹೊಲೀತೀನಿ," ಎಂದಳು ತೆಸ್ಸಾ. "ಆತುರ ಏನಿದೆ."

ಸಾಯುವ ತನಕ ಆ ಒಂದೇ ಪರದೆಯನ್ನು ಹೊಲಿಯುತ್ತಲೇ ಇದ್ದಳು.