ಅತ್ತಿಗೆಯ ಎಡಗೈ

ಅರ್ಜಿ ತುಂಬಿದವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳುವುದು ಬೇಡ. ನಮ್ಮ ಮನೆಯಲ್ಲಿ ಓದುಬರಹದ ಕೆಲಸವೆಲ್ಲ ನನ್ನ ಪಾಲಿನದು. ಶಾಲೆಯಲ್ಲಿ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆಯುವವಳು ಎಂಬ ಹಮ್ಮು ಬೇರೆ. ಅತ್ತಿಗೆಯ ಆಸ್ಪತ್ರೆ ಅರ್ಜಿಯಲ್ಲಿ ‘ಉದ್ಯೋಗ’ ಎಂದಿದ್ದ ಕಡೆ ಯೋಚಿಸದೆ ‘ಗೃಹಿಣಿ’ ಎಂದು ಬರೆದೆ.

ಅತ್ತಿಗೆ ಇಪ್ಪತ್ತಾರು ವರ್ಷದಿಂದ ಹಳೇ ಸೋಫಾ, ಕುರ್ಚಿಗಳನ್ನು ಹೊಸದು ಮಾಡುವವಳು. ಅಂಗಡಿಯ ಬೋರ್ಡಿನಲ್ಲಿ ಅಣ್ಣನ ಹೆಸರಿದೆ, ಗಿರಾಕಿಗಳ ಜೊತೆ ಹರಟೆಯೂ ಅಣ್ಣನದೇ. ಹಿಂದಿನ ಕೋಣೆಯಲ್ಲಿ ಬಟ್ಟೆ ಕಿತ್ತು, ಚೌಕಟ್ಟಿಗೆ ಕೂರುವ ಭಾರ ಹೊರುವ ದಪ್ಪ ನೇಯ್ಗೆ ಪಟ್ಟಿ ಬಿಗಿದು, ಹತ್ತಿ ತುಂಬಿ ಹೊಲಿಯುವುದೆಲ್ಲ ಅತ್ತಿಗೆ. ಪಟ್ಟಿ ಬಿಗಿಯುವುದೇನು ಹುಡುಗಾಟವಲ್ಲ. ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದು ತುದಿಯನ್ನು ಎಡಗೈಗೆ ಸುತ್ತಿಕೊಂಡು, ಮಂಡಿಯೂರಿ ಜಗ್ಗಿ ಹಿಡಿದು, ಬಲಗೈಯಲ್ಲಿ ಸುತ್ತಿಗೆ ಬೀಸಬೇಕು. ಕೊಂಚ ಸಡಿಲವಾದರೂ ಆರು ತಿಂಗಳಲ್ಲಿ ಕೂತವರು ಗುಳಿಗೆ ಬೀಳುತ್ತಾರೆ. ಅಣ್ಣ ಬಿಗಿದ ಪಟ್ಟಿಯನ್ನು ಅವಳು ಬೆರಳಲ್ಲಿ ತಟ್ಟಿ, ಬಿಗಿ ಸಾಲದಿದ್ದರೆ “ಇದು ಮಲಗಿದೆ ಕಣ್ರೀ,” ಎಂದು ಕಿತ್ತುಹಾಕುತ್ತಾಳೆ.

ಎರಡು ವರ್ಷದ ಹಿಂದೆ ಅವಳ ಎಡ ಎದೆಯಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿತು. ಮೊಲೆ ಪೂರ್ತಿ ತೆಗೆಯದೆ ಗಂಟನ್ನಷ್ಟೇ ಕತ್ತರಿಸಿ, ಆಮೇಲೆ ವಿಕಿರಣ ಕೊಟ್ಟರು. ಜೀವ ಉಳಿಯಿತು. ಆದರೆ ಆ ಜಾಗ ತಗ್ಗುಬಿದ್ದು ಚರ್ಮ ಒಳಕ್ಕೆ ಸೆಳೆದುಕೊಂಡಿತು. ಅದನ್ನು ಮತ್ತೆ ತುಂಬುವ ಆಪರೇಷನ್ ಇದೆ ಎಂದು ಗೊತ್ತಾದಾಗ ಅಣ್ಣ, “ಈ ವಯಸ್ಸಲ್ಲಿ ಯಾರು ನೋಡ್ತಾರೆ?” ಎಂದ.

“ನಾನು ನೋಡ್ತೀನಿ,” ಎಂದಳು ಅತ್ತಿಗೆ. “ಊರವರ ತಗ್ಗೆಲ್ಲ ತುಂಬಿಕೊಡೋಳು, ನಂದು ಹಾಗೇ ಬಿಡ್ಲಾ?”

ನಾನು ಆ ಅರ್ಜಿ ತುಂಬಿಕೊಟ್ಟೆ. ಸರದಿ ಬರಲು ಎಂಟು ತಿಂಗಳು ಕಾದೆವು.

ಆಪರೇಷನ್ ದಿನ ಬೆಳಿಗ್ಗೆ ಡಾಕ್ಟರಮ್ಮ ಅತ್ತಿಗೆಯನ್ನು ನಿಲ್ಲಿಸಿ ಎದೆಯ ಮೇಲೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ಅವಳ ಬಟ್ಟೆ ಹಿಡಿದುಕೊಂಡು ನಾನು ಮೂಲೆಯಲ್ಲಿದ್ದೆ. ಬೆನ್ನಿಂದ ತೆಗೆದು ತುಂಬುತ್ತಾರೆಂದು ಮೊದಲೇ ಗೊತ್ತಿತ್ತು; ಚರ್ಮವೋ ಕೊಬ್ಬೋ ಇರಬೇಕು ಎಂದುಕೊಂಡಿದ್ದೆವು. ಪೆನ್ನು ಎಡಗಂಕುಳ ಹಿಂದಿನಿಂದ ಸೊಂಟದ ಕಡೆಗೆ ಇಳಿಯಿತು.

“ಈ ಸ್ನಾಯುನ ಮುಂದಕ್ಕೆ ತಿರುಗಿಸ್ತೀವಿ,” ಎಂದರು. “ಜಗ್ಗೋದು, ಎಳೆಯೋದು ಮಾಡೋರಿಗೆ ಆ ಕಡೆ ಕೈ ಬಲ ಕಮ್ಮಿ ಆಗಬಹುದು.” ಫೈಲಿನತ್ತ ಕಣ್ಣು ಹಾಯಿಸಿದರು. “ನೀವು ಗೃಹಿಣಿ ಅಲ್ವಾ, ತೊಂದ್ರೆ ಇಲ್ಲ.”

ಅದು ನಾನು ಬರೆದ ಪದ. ಅತ್ತಿಗೆ ನಿಧಾನಕ್ಕೆ ನನ್ನತ್ತ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕಣ್ಣಲ್ಲೇ, ಸುಮ್ಮನಿರು ಎಂದಳು. ಬಾಯಿ ಬಿಟ್ಟರೆ ಮತ್ತೆ ಎಂಟು ತಿಂಗಳು. ಬಿಡದಿದ್ದರೆ ಆ ಎಡಗೈ. ಹೊರಗೆ ಸ್ಟ್ರೆಚರಿನ ಚಕ್ರ ಕಿರುಗುಟ್ಟುತ್ತ ಹತ್ತಿರವಾಯಿತು. ನರ್ಸ್ ಬಾಗಿಲು ತೆರೆದಳು. ಅತ್ತಿಗೆ ಸ್ಟ್ರೆಚರಿನ ಅಂಚು ಹಿಡಿದು ಹತ್ತಲು ಕಾಲೆತ್ತಿದಳು.

“ಡಾಕ್ಟ್ರೇ, ಅದು ನಾನು ಬರೆದ ತಪ್ಪು,” ಎಂದೆ. “ಅವಳು ಸೋಫಾ ಕೆಲಸ ಮಾಡ್ತಾಳೆ. ದಿನಾ ಜಗ್ಗೋದೇ.”

“ಒಂದೆರಡು ಪಟ್ಟಿ ಅಷ್ಟೇ,” ಎಂದಳು ಅತ್ತಿಗೆ.

ಡಾಕ್ಟರಮ್ಮ ತಮ್ಮ ಕೈ ಚಾಚಿದರು. “ಎಡಗೈಯಲ್ಲಿ ಎಳೀರಿ ನೋಡೋಣ.”

ಅತ್ತಿಗೆಗೆ ಸುಳ್ಳು ಹೇಳಲು ಬರುತ್ತದೆ, ಕೈಗೆ ಬರುವುದಿಲ್ಲ. ಒಮ್ಮೆ ಎಳೆದಳು; ಡಾಕ್ಟರಮ್ಮ ಎರಡು ಹೆಜ್ಜೆ ಮುಗ್ಗರಿಸಿ ಅವಳ ಹೆಗಲು ಹಿಡಿದುಕೊಂಡರು. ಆಮೇಲೆ ಸ್ಪಿರಿಟ್ ತರಿಸಿ ಬೆನ್ನಿನ ಗೆರೆಯನ್ನು ತಾವೇ ಒರೆಸಿದರು. ಹೊಟ್ಟೆಯ ಕೊಬ್ಬು ತೆಗೆದು ಸ್ವಲ್ಪಸ್ವಲ್ಪವಾಗಿ ತುಂಬಬಹುದು, ಆದರೆ ತುಂಬಿದ್ದೆಲ್ಲ ಉಳಿಯುವುದಿಲ್ಲ, ಎರಡು ಮೂರು ಸಲ ಬರಬೇಕಾಗುತ್ತದೆ, ಇವತ್ತು ಆಗುವುದಿಲ್ಲ, ಹೊಸ ಅರ್ಜಿ ಬೇಕು ಎಂದರು.

ಬಸ್ಸಿನಲ್ಲಿ ಅತ್ತಿಗೆ ನನ್ನ ಪಕ್ಕ ಕೂರಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದೇ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಮಕ್ಕಳಿಗೆ ಗಾದೆ ಬರೆಸುವವಳು ನಾನು.

ಮರುದಿನ ಹೊಸ ಅರ್ಜಿ ಹಿಡಿದು ಅಂಗಡಿಯ ಹಿಂದಿನ ಕೋಣೆಗೆ ಹೋದೆ. ಅವಳು ಮಂಡಿಯೂರಿ ಕೂತಿದ್ದಳು.

“ಅತ್ತಿಗೆ, ಉದ್ಯೋಗ ಏನಂತ ಬರೀಲಿ?”

“ಇಪ್ಪತ್ತಾರು ವರ್ಷ ಆದ್ಮೇಲೆ ಕೇಳ್ತಿದ್ದೀಯ.” ಅವಳು ಸರಿದು ಜಾಗ ಮಾಡಿ, ಪಟ್ಟಿಯ ತುದಿಯನ್ನು ನನ್ನ ಕೈಗೆ ಕೊಟ್ಟಳು. “ಮೊದ್ಲು ಜಗ್ಗು. ಆಮೇಲೆ ಬರಿ.”

ಹಲ್ಲು ಕಚ್ಚಿ ಜಗ್ಗಿದೆ. ಅಂಗೈ ಉರಿಯಿತು, ತೋಳು ನಡುಗಿತು. ಅವಳು ಮೊಳೆ ಹೊಡೆದು, ಪಟ್ಟಿಯನ್ನು ಬೆರಳಲ್ಲಿ ತಟ್ಟಿ ನೋಡಿದಳು.

“ಮಲಗಿದೆ,” ಎಂದಳು. ಮೊಳೆ ಕಿತ್ತು, ಪಟ್ಟಿಯನ್ನು ತನ್ನ ಎಡಗೈಗೆ ಸುತ್ತಿಕೊಂಡಳು.