ಅವರು ನನಗೋಸ್ಕರ ಬಿಟ್ಟ ನಿಯಮ

ಅವರ ಪಂಚೆಯ ಮೇಲೆ, ಎರಡೂ ಮೊಣಕಾಲುಗಳ ಜಾಗದಲ್ಲಿ, ಸದಾ ಸೀಮೆಸುಣ್ಣದ ಬಿಳಿ ಗುರುತು ಇರುತ್ತಿತ್ತು. ಕಡಿಯಾಳಿಯ ಮನೆಯ ಕೆಂಪು ನೆಲದ ಮೇಲೆ ಮಂಡಿಯೂರಿ ಅವರು ಚೌಕಗಳನ್ನು ಬರೆಯುತ್ತಿದ್ದರು. ದೊಡ್ಡ ಚೌಕ ಜಗಲಿ, ಅದರ ಪಕ್ಕದ ಸಣ್ಣ ಚೌಕಗಳು ಕೋಣೆಗಳು. ಕಂಪ್ಯೂಟರು ಮೇಜಿನ ಮೇಲೆ ತನ್ನಷ್ಟಕ್ಕೆ ಉರಿಯುತ್ತಿತ್ತು, ಸರ್ ಮಾತ್ರ ನೆಲದಲ್ಲಿ. ಅವರ ಹೆಂಡತಿ ಒದ್ದೆ ಬಟ್ಟೆ ಹಿಡಿದು ಬಂದು, "ಇದನ್ನು ಒರೆಸಬಹುದಾ, ಇನ್ನೂ ಕೆಲಸ ಉಂಟಾ?" ಎಂದು ಕೇಳಿಯೇ ಒರೆಸುತ್ತಿದ್ದರು.

ಕಾಲೇಜಿನಿಂದ ನಿವೃತ್ತರಾದ ಮೇಲೆ ಸರ್ ಹಚ್ಚಿಕೊಂಡ ಕೆಲಸ ಇದು. ಶಾಲೆಯ ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಂ ಬರೆಯಲು ಒಂದು ಪುಟ್ಟ ಭಾಷೆ, ಮತ್ತು ಅದನ್ನು ಸಾಲು ಸಾಲಾಗಿ ಓದಿ ನಡೆಸುವ ಇಂಟರ್ಪ್ರಿಟರ್. ನಾನು ಕಾಪುವಿನ ಒಂದು ಶಾಲೆಯ ಕಂಪ್ಯೂಟರ್ ಟೀಚರ್. ಆ ಭಾಷೆಯನ್ನು ತರಗತಿಗೆ ಮೊದಲು ಒಯ್ದವಳು ನಾನೇ. ಆಮೇಲೆ ಕಟಪಾಡಿ, ಹೆಜಮಾಡಿ, ಕಾರ್ಕಳದ ಶಾಲೆಗಳೂ ತೆಗೆದುಕೊಂಡವು. ಎಂಟನೆಯ ಕ್ಲಾಸಿನ ಮಕ್ಕಳನ್ನೂ ಸರ್ "ನೀವು" ಎಂದೇ ಕರೆಯುತ್ತಿದ್ದರು. ಇಂಟರ್ಪ್ರಿಟರನ್ನು ಮಾತ್ರ "ಅವನು" ಎನ್ನುತ್ತಿದ್ದರು. "ಅವನಿಗೆ ನಮ್ಮ ಮನಸ್ಸು ಗೊತ್ತಾಗುವುದಿಲ್ಲ ಟೀಚರೇ, ಬರೆದದ್ದು ಮಾತ್ರ ಗೊತ್ತಾಗ್ತದೆ."

ಆ ಚೌಕಗಳ ಮನೆಯೇ ಒಂದು ಪ್ರೋಗ್ರಾಂ. ಅಂಕದಂಥ ಸಂಖ್ಯೆಗೆ ಕೊಟ್ಟು ಜಗಲಿಯಲ್ಲಿಟ್ಟ ಹೆಸರು ಗ್ಲೋಬಲ್ ವೇರಿಯೇಬಲ್, ಮನೆಯ ಎಲ್ಲರಿಗೂ ಕಾಣುವಂಥದ್ದು. ಕೋಣೆ ಎಂದರೆ ಫಂಕ್ಷನ್, ಪ್ರೋಗ್ರಾಂನೊಳಗೆ ಒಂದೊಂದು ಕೆಲಸ ಮಾಡುವ ತುಂಡು. ಕೋಣೆಯೊಳಗಿಂದ ಜಗಲಿಯ ಹೆಸರನ್ನು ಓದಲು ಅಡ್ಡಿಯಿಲ್ಲ. ಬದಲಿಸಬೇಕಾದರೆ ಮೊದಲು 'ಜಗಲಿಯ ಅಂಕ' ಎಂದು ಬರೆದು ತಿಳಿಸಬೇಕು. ತಿಳಿಸದಿದ್ದರೆ ಕೋಣೆಯೊಳಗೆ ಅದೇ ಹೆಸರಿನ ಇನ್ನೊಂದು ಹುಟ್ಟಿ, ಫಂಕ್ಷನ್ ಮುಗಿದ ಕೂಡಲೇ ಇಲ್ಲವಾಗುತ್ತದೆ.

"ಮನೆಯಲ್ಲಿ ನಾವು ಹಾಗೇ ಅಲ್ವಾ? ಜಗಲಿಯಲ್ಲಿ ಇದ್ದದ್ದನ್ನು ಯಾರೂ ನೋಡಬಹುದು. ಬದಲಿಸುವಾಗ ಹೇಳಿ ಬದಲಿಸ್ಬೇಕು" ಎನ್ನುತ್ತಿದ್ದರು.

ನನ್ನ ಕ್ಲಾಸಿನ ಮಕ್ಕಳಿಗೆ ಇದೇ ಕಂಟಕವಾಯಿತು. ಮೀನು ಹಿಡಿಯುವ ಆಟ ಬರೆದವರು ಹತ್ತು ಮೀನು ಹಿಡಿದರೂ ಅಂಕ ಸೊನ್ನೆ. 'ಜಗಲಿಯ' ಎಂದು ಬರೆಯಲು ಮರೆತಿರುತ್ತಿದ್ದರು, ತಪ್ಪು ಎಲ್ಲಿದೆ ಎಂದು ಇಂಟರ್ಪ್ರಿಟರ್ ಹೇಳುತ್ತಿರಲಿಲ್ಲ. ಮಕ್ಕಳು ಅತ್ತರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಒಂದು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ನೇರ ಕಡಿಯಾಳಿಗೆ ಹೋದೆ.

"ಸರ್, ನಿಮ್ಮ ನಿಯಮ ಕಾಲೇಜಿನವರಿಗೆ ಸರಿ. ನನ್ನ ಮಕ್ಕಳಿಗೆ ಎಂತಕ್ಕೆ ಈ ಶಿಕ್ಷೆ? ಜಗಲಿಯಲ್ಲಿ ಆ ಹೆಸರು ಇದ್ದರೆ, ಕೋಣೆಯೊಳಗಿಂದ ಹೇಳದೆ ಬದಲಿಸಿದರೂ ಅದೇ ಬದಲಾಗ್ಲಿ."

ಅವರು ಮೂರು ಚೌಕ ಬರೆದು ಬಹಳ ಹೊತ್ತು ನೋಡಿದರು. "ಅದರಲ್ಲಿ ಒಂದು ಅಪಾಯ ಉಂಟು ಟೀಚರೇ."

"ಅಪಾಯ ಬಂದಾಗ ನೋಡುವ ಸರ್" ಎಂದೆ. ಅವರು ಅಪಾಯ ಯಾವುದೆಂದು ವಿವರಿಸಲು ಬಾಯಿ ತೆರೆದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಬಿಡಲಿಲ್ಲ. ಕೊನೆಗೆ ಅವರು ನಕ್ಕು, "ಆಯ್ತು. ಮಕ್ಕಳ ಮುಖ ನೋಡುವವರು ನೀವು. ನಾನು ನೆಲ ನೋಡುವವ" ಎಂದರು. ಮುಂದಿನ ವಾರ ನಿಯಮ ಬದಲಾಗಿತ್ತು. ನಾಲ್ಕೂ ಶಾಲೆಗಳಲ್ಲಿ ಖುಷಿಯೋ ಖುಷಿ.

ಎರಡು ವರ್ಷದ ಬಳಿಕ ನಮ್ಮ ಶಾಲೆಯ ವಸ್ತುಪ್ರದರ್ಶನ. ಒಂದೇ ಬಸ್ಸಿನಲ್ಲಿ ಬರುತ್ತಿದ್ದ ಇಬ್ಬರು ಗೆಳತಿಯರು ತಮ್ಮ ಪ್ರೋಗ್ರಾಂಗಳನ್ನು ಜೋಡಿಸಿ ಒಂದು ರಸಪ್ರಶ್ನೆ ಮಾಡಿದ್ದರು. ಎಲ್ಲರ ಎದುರು, ಹನ್ನೊಂದರಲ್ಲಿದ್ದ ಅಂಕ ಇದ್ದಕ್ಕಿದ್ದಂತೆ ಮೂರಕ್ಕೆ ಇಳಿಯಿತು. ಒಬ್ಬಳು ಫಂಕ್ಷನ್ ಒಳಗೆ ತನ್ನ ಎಣಿಕೆಗೆ ಇಟ್ಟ ಹೆಸರೇ ಇನ್ನೊಬ್ಬಳ ಜಗಲಿಯಲ್ಲೂ ಇತ್ತು, ಹೊಸ ನಿಯಮದಂತೆ ಜಗಲಿಯದ್ದೇ ಬದಲಾಗಿತ್ತು. "ನೀನು ಹಾಳು ಮಾಡಿದ್ದು" ಎಂದಳು ಒಬ್ಬಳು. "ನಾನು ನಿನ್ನದನ್ನು ಮುಟ್ಟಲೇ ಇಲ್ಲ" ಎಂದು ಇನ್ನೊಬ್ಬಳು ಅತ್ತಳು. ಇಬ್ಬರೂ ಹೇಳಿದ್ದು ನಿಜವೇ.

ನೋಡಲು ಬಂದಿದ್ದ ಸರ್ ಪರದೆಯ ಮುಂದೆ ಬಗ್ಗಿದರು. ಅರೆಕ್ಷಣ ಸಾಕಾಯಿತು. "ನಿಮ್ಮಿಬ್ಬರದ್ದೂ ತಪ್ಪಿಲ್ಲ. ನಿಯಮ ಮಾಡಿದವ ನಾನು, ತಪ್ಪು ನನ್ನದು" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ಹುಡುಗಿಯರು ಆ ವರ್ಷವಿಡೀ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದರು.

ಆಮೇಲೆ ಸರ್ ಹಳೆಯ ನಿಯಮಕ್ಕೆ ಮರಳುವ ದಾರಿ ಹುಡುಕಿದರು. ಮರಳಿದರೆ ನಾಲ್ಕು ಶಾಲೆಗಳ ಮಕ್ಕಳು ಬರೆದದ್ದೆಲ್ಲ ಸದ್ದಿಲ್ಲದೆ ಸೊನ್ನೆ ತೋರಿಸುತ್ತಿತ್ತು. ಮಕ್ಕಳ ಆ ಪ್ರೋಗ್ರಾಂಗಳಿಗೆ 'ಜಗಲಿಯ' ಎಂದು ತಾನಾಗಿ ಸೇರಿಸಿದರಾಗದೇ ಎಂದು ನಾನು ಕೇಳಿದೆ. "ಮಗು ಬೇಕೂಂತ ಬದಲಿಸಿದ್ದಾ, ಗೊತ್ತಿಲ್ಲದೆ ಬದಲಿಸಿದ್ದಾ? ಅವನಿಗೆ ಹೇಗೆ ಗೊತ್ತಾಗಬೇಕು ಟೀಚರೇ? ಬರೆಸಿಕೊಳ್ಳುವ ಕಾಲದಲ್ಲಿ ನಾವು ಬರೆಸಿಕೊಳ್ಳಲಿಲ್ಲ." ಆಗಲೂ 'ನಾವು' ಎಂದರು. ನೆಲದ ತುಂಬ ಚೌಕಗಳು ತುಂಬುತ್ತಿದ್ದವು, ಒರೆಸಿಹೋಗುತ್ತಿದ್ದವು.

ಅಷ್ಟರಲ್ಲಿ ಕಾಯಿಲೆ ಬಂತು. ಮಣಿಪಾಲದ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ ಅವರ ದನಿ ಬಹಳ ಸಣ್ಣಗಾಗಿತ್ತು. "ಎಂತಾದರೂ ದಾರಿ ಸಿಕ್ಕಿತಾ?" ಎಂದು ಕೇಳಿದರು.

"ಸಿಗ್ತದೆ ಸರ್" ಎಂದೆ. ಸುಳ್ಳು. ಅವರು ತಲೆಯಾಡಿಸಿದರು. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು. ಅಲ್ಲಿಂದ ಒಂಬತ್ತನೆಯ ದಿನ ಹೋಗಿಬಿಟ್ಟರು.

ಹಳೆಯ ನಿಯಮವನ್ನು ನಾನೇ ಹಾಕಿ ನೋಡಿದೆ, ಮಕ್ಕಳ ಆಟಗಳೆಲ್ಲ ಸೊನ್ನೆಗೆ ನಿಂತವು. ತೆಗೆದುಬಿಟ್ಟೆ. ಈಗಲೂ ಎಲ್ಲ ಕಡೆ ನಡೆಯುವುದು ನಾನು ಹಟ ಹಿಡಿದು ಪಡೆದ ನಿಯಮವೇ, ಇಂಟರ್ಪ್ರಿಟರ್ ತೆರೆದಾಗ ಪರದೆಯ ಮೇಲೆ ಮೊದಲು ಮೂಡುವ ಹೆಸರು ಮಾತ್ರ ಅವರದು. ಮೊನ್ನೆ ಒಬ್ಬಳು ಹುಡುಗಿ ಕೆಟ್ಟುಹೋದ ತನ್ನ ಲೆಕ್ಕ ತೋರಿಸಿ, "ಟೀಚರ್, ಇದನ್ನು ಮಾಡಿದವರಿಗೆ ಇಷ್ಟೂ ಗೊತ್ತಿರ್ಲಿಲ್ವಾ?" ಎಂದು ಕೇಳಿದಳು.

"ಅವರಿಗೆ ಗೊತ್ತಿತ್ತು. ಹೇಳಲಿಕ್ಕೆ ಹೊರಟಿದ್ದರು, ನಾನು ಬಿಡಲಿಲ್ಲ" ಎಂದೆ.

"ಹಾಗಾದ್ರೆ ನೀವೇ ಸರಿ ಮಾಡಿ ಟೀಚರ್" ಎಂದು ಅವಳು ನನ್ನ ಮುಖ ನೋಡುತ್ತ ಕಾದಳು.